ಕೈಯಲ್ಲಿ ಬೈಯುತ್ತಿದ್ದ ಅಕ್ಕ

ನನ್ನ ಜೀವಮಾನದಲ್ಲಿ ನನ್ನನ್ನು ಅತಿ ಹೆಚ್ಚು ಬೈದವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಯೋಚನೆಯನ್ನೇ ಮಾಡುವುದಿಲ್ಲ. ನಮ್ಮತ್ತೆ ಅಲ್ಲ, ಗಂಡ ಅಲ್ಲ, ಲೆಕ್ಕದ ಮೇಷ್ಟ್ರೂ ಅಲ್ಲ. ಬಾಯಿಂದ ಒಂದೇ ಒಂದು ಮಾತು ಆಡದ ಹೆಂಗಸು! ಆಂಧ್ರದ ಗಡಿಯ ರಾಯದುರ್ಗದ ಒಂದು ರೆಡಿಮೇಡ್ ಬಟ್ಟೆ ಅಂಗಡಿಯ ಹಿಂಭಾಗದಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಆಕೆ ನನ್ನನ್ನು ಐದು ವರ್ಷ ಬೈದಳು. ಹುಟ್ಟಿದಾಗಿನಿಂದ ಕಿವಿ ಕೇಳದವಳು. ಬೈಗುಳವೆಲ್ಲ ಕೈಯಲ್ಲಿ. ಕೈಯಲ್ಲಿ ಬಟ್ಟೆ ಇದ್ದರೆ ಹುಬ್ಬಿನಲ್ಲಿ.

ಆಕೆಗೊಂದು ಹೆಸರಿರಲಿಲ್ಲವೇ? ಇತ್ತು, ರೇಷನ್ ಕಾರ್ಡಿನಲ್ಲಿ ಭದ್ರವಾಗಿತ್ತು. ಕೂಗಿದರೆ ತಿರುಗಿ ನೋಡುವವರಿಗೆ ತಾನೇ ಹೆಸರಿನ ಉಪಯೋಗ? ನಾವು ನಮ್ಮ ನಮ್ಮೊಳಗೆ ‘ಅಕ್ಕ’ ಎನ್ನುತ್ತಿದ್ದೆವು. ಆಕೆ ನಮಗೆಲ್ಲ ಏನೆನ್ನುತ್ತಿದ್ದಳು ಎಂಬುದು ಆಮೇಲೆ.

ನನ್ನ ಊರು ಅಮರಾಪುರದ ಹತ್ತಿರ. ಅಪ್ಪನ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ತರಿದು ರೇಷ್ಮೆಹುಳಕ್ಕೆ ಹಾಕಿಕೊಂಡಿದ್ದವಳು ನಾನು. ಗಂಡನಿಗೆ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಕೆಲಸ ಸಿಕ್ಕಿತು. ಗಂಟುಮೂಟೆ ಕಟ್ಟಿಕೊಂಡು ಬಂದೆವು. ಆಗ ರಾಯದುರ್ಗದಲ್ಲಿ ಮನೆಗೊಂದು ಮಿಷನ್ನು, ಓಣಿಗೊಂದು ಪ್ಯಾಂಟಿನ ಗುಡ್ಡೆ. ಬೆಳಗಾದರೆ ಇಡೀ ಊರೇ ಕಟಕಟ ಎನ್ನುತ್ತಿತ್ತು. ನನಗೆ ಹೊಲಿಗೆ ಬರುತ್ತಿರಲಿಲ್ಲ, ಬಾಯಿ ಮಾತ್ರ ಚೆನ್ನಾಗಿತ್ತು. ಅದೊಂದೇ ಯೋಗ್ಯತೆಯ ಮೇಲೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಸಿಕ್ಕಿತು.

ಮೊದಲ ದಿನವೇ ಸಾವ್ಕಾರರು ಒಂದು ಪ್ಯಾಂಟು ಕೊಟ್ಟು, “ಹಿಂದ ಆಲ್ಟ್ರೇಷನ್ ಮಾಡೋ ಆಕಿಗೆ ಕೊಟ್ಟು ಬರ್ರಿ. ಎರಡಿಂಚು ಗಿಡ್ಡ ಮಾಡ್ಬೇಕಂತ ಹೇಳ್ರಿ. ಆಕಿಗೆ ಕಿವಿ ಕೇಳಂಗಿಲ್ಲ, ಸ್ವಲ್ಪ ಜೋರಾಗಿ ಹೇಳ್ರಿ” ಅಂದರು.

ಕಿವಿ ಕೇಳದಿದ್ದರೆ ಜೋರಾಗಿ ಹೇಳಬೇಕು. ಸರಿ, ನ್ಯಾಯವಾಗಿಯೇ ಇದೆಯಲ್ಲ! ನಾನು ಹೋಗಿ ಬಗ್ಗಿ, ಆಕೆಯ ಕಿವಿಯ ಹತ್ತಿರ ಬಾಯಿಟ್ಟು, ರೇಷ್ಮೆ ಮನೆಯಿಂದ ಹೊಲದವರೆಗೆ ಕೂಗಿ ಪಳಗಿದ್ದ ಗಂಟಲಿನಲ್ಲಿ, “ಅಕ್ಕಾ, ಈ ಪ್ಯಾಂಟು ಎರಡಿಂಚು ಗಿಡ್ಡ ಮಾಡ್ಬೇಕಂತೇ!” ಎಂದೆ. ಗಿರಾಕಿಯ ಕಂಕುಳಲ್ಲಿದ್ದ ಕೂಸು ಚೀರಿಕೊಂಡಿತು. ರಸ್ತೆಯ ಆಚೆಯ ಟೀ ಅಂಗಡಿಯವನು ಲೋಟ ಎತ್ತಿ ಹಿಡಿದು, “ಎರಡಿಂಚೇನ್ರಿ? ಆತು ಬಿಡ್ರಿ, ನಮಗೂ ಕೇಳ್ತು!” ಅಂದ.

ಕೇಳದೇ ಇದ್ದವಳು ಆಕೆಯೊಬ್ಬಳೇ. ಕತ್ತರಿ ಕೆಳಗಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಮೂಗು ಹಿಡಿದುಕೊಂಡು, ಈರುಳ್ಳಿ ಸುಲಿಯುವ ಹಾಗೆ ಬೆರಳಾಡಿಸಿ, ದೂರ ಹೋಗು ಎಂದು ಕೈ ಬೀಸಿದಳು. ಬೆಳಿಗ್ಗೆ ನಾನು ಈರುಳ್ಳಿ ನಂಜಿಕೊಂಡು ರೊಟ್ಟಿ ತಿಂದದ್ದು ನಿಜ. ಇದು ನನಗೆ ಬಿದ್ದ ಮೊದಲ ಬೈಗುಳ.

ಅದೇ ದಿನ ನನಗೆ ಹೆಸರೂ ಬಿತ್ತು. ಬಟ್ಟೆಯ ಧೂಳಿಗೆ ನನಗೆ ನೆಗಡಿ ಹತ್ತಿ, ಎರಡು ಸಲ ಸೆರಗಿನಿಂದ ಮೂಗು ಒರೆಸಿಕೊಂಡೆ. ಅಷ್ಟೇ! ಅವತ್ತಿನಿಂದ ಆಕೆ ನನ್ನ ಬಗ್ಗೆ ಮಾತಾಡಬೇಕಾದರೆ ಮೊಣಕೈ ಎತ್ತಿ ಮೂಗೊರೆಸುತ್ತಿದ್ದಳು. ನೆಗಡಿ ನಾಲ್ಕು ದಿನಕ್ಕೆ ವಾಸಿಯಾಯಿತು, ಹೆಸರು ಐದು ವರ್ಷ ಉಳಿಯಿತು. ಊರಿನ ಕಿವಿ ಕೇಳದವರೆಲ್ಲ ನನ್ನನ್ನು ರಸ್ತೆಯಲ್ಲಿ ಕಂಡರೆ ಮರ್ಯಾದೆಯಿಂದ ಮೂಗೊರೆಸಿ ನಮಸ್ಕಾರ ಮಾಡುತ್ತಿದ್ದರು! ಸಾವ್ಕಾರರಿಗೆ ಹೆಸರು, ಜಾರುವ ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಳ್ಳುವುದು. ಅವರಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ತಮ್ಮ ಅಂಗಡಿಗೆ ಬರುವ ಈ ಜನಕ್ಕೆಲ್ಲ ಪ್ಯಾಂಟು ಯಾಕೆ ಸಡಿಲ ಎಂದು ಬಹಳ ದಿನ ಕೊರಗಿದರು.

ಆಕೆಯೊಂದಿಗೆ ಜಗಳವಾಡಿ ಗೆದ್ದವರನ್ನು ನಾನು ನೋಡಲಿಲ್ಲ. ಒಮ್ಮೆ ಯಾವುದೋ ಶರ್ಟಿನ ತೋಳು ಒಂದಿಂಚು ಹೆಚ್ಚು ಗಿಡ್ಡವಾಯಿತೆಂದು ಸಾವ್ಕಾರರು ಎದುರು ನಿಂತು ಶುರು ಮಾಡಿದರು. ಎರಡು ಮಾತಾಗುವ ಹೊತ್ತಿಗೆ ಆಕೆ ಕಣ್ಣು ಮುಚ್ಚಿದಳು. ಮುಗಿಯಿತು! ಕಿವಿ ಕೇಳದವಳು ಕಣ್ಣೂ ಮುಚ್ಚಿಕೊಂಡರೆ ಬೈಯುವವರು ಯಾರನ್ನು ಬೈಯಬೇಕು? ಸಾವ್ಕಾರರು ಕಾದರು. ಆಕೆ ಒಂದು ಕಣ್ಣು ತುಸುವೇ ತೆರೆದು ನೋಡಿದಳು. ಅವರಿನ್ನೂ ಅಲ್ಲೇ ನಿಂತಿದ್ದರು. ಮತ್ತೆ ಮುಚ್ಚಿದಳು. ಕೊನೆಗೆ ಅವರು ಬೈಗುಳವನ್ನೆಲ್ಲ ಒಂದು ಕಾಗದದಲ್ಲಿ ಬರೆದು ಆಕೆಯ ಕೈಗೆ ಕೊಟ್ಟರು. ಆಕೆಗೆ ಓದಲು ಬರುತ್ತಿರಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಮಿಷನ್ನಿನ ಕಾಲಡಿಗೆ ಇಟ್ಟು, ಅಲ್ಲಾಡಿಸಿ ನೋಡಿ, ಬಹಳ ಉಪಕಾರವಾಯಿತು ಎಂದು ಕೈ ಮುಗಿದಳು.

ಆಕೆಯಿಂದಾಗಿ ನಮ್ಮ ಅಂಗಡಿಗೆ ಕಿವಿ ಕೇಳದ ಗಿರಾಕಿಗಳು ಬಹಳ ಬರುತ್ತಿದ್ದರು. ಹೊಲಿಗೆಯ ಶೆಡ್ಡಿನವರು, ಪ್ಯಾಂಟು ತೊಳೆದು ಬಣ್ಣ ಇಳಿಸುವವರು, ಇಸ್ತ್ರಿಯವರು. ಬೇರೆ ಅಂಗಡಿಗಳಲ್ಲಿ ಅವರು ಬೆರಳು ತೋರಿಸಿದ್ದೇ ಒಂದು, ಕೊಡುವುದೇ ಇನ್ನೊಂದು. ಹಾಗಾಗಿ ದೂರದಿಂದ ಇಲ್ಲಿಗೇ ಬರುತ್ತಿದ್ದರು. ಅವರಿಗೆ ಬಟ್ಟೆ ತೋರಿಸುವ ಕೆಲಸ ನನ್ನದಾಯಿತು. ಅದನ್ನು ಕಲಿಸುವ ಕೆಲಸ ಅಕ್ಕನದು. ನೀಲಿ ಎನ್ನಬೇಕಾದರೆ ಉಗುರು ತೋರಿಸಬೇಕು. ಯಾಕೆಂದರೆ ತೊಳೆಯುವ ಶೆಡ್ಡಿನವರ ಉಗುರು ಯಾವಾಗಲೂ ನೀಲಿ. ಸೈಜು ಕೇಳಬೇಕಾದರೆ ಗಿರಾಕಿಯ ಸೊಂಟ ತೋರಿಸಬಾರದು, ನನ್ನ ಸೊಂಟ ಮುಟ್ಟಿಕೊಂಡು ಹುಬ್ಬೇರಿಸಬೇಕು. ಕೈ ಆಡಿಸುವಾಗ ಮುಖ ಸುಮ್ಮನಿರಬಾರದು. ನನ್ನ ಮುಖ ಸುಮ್ಮನಿದ್ದರೆ ಆಕೆ ಗಲ್ಲ ಹಿಂಡಿ ಎಬ್ಬಿಸುತ್ತಿದ್ದಳು.

ಒಂದು ಗುಟ್ಟನ್ನೂ ಕಲಿತೆ. ನಮ್ಮಲ್ಲಿ ಕೆಲವು ಬಟ್ಟೆಗಳಿದ್ದವು, ಒಂದು ನೀರಿಗೆ ಬಣ್ಣವೆಲ್ಲ ಹೋಗಿ ಬಿಳಚಿಕೊಳ್ಳುವಂಥವು. ಮಾತು ಬರುವ ಗಿರಾಕಿಗಳಿಗೆ ನಾನು, “ಗ್ಯಾರಂಟಿ ಕಣಕ್ಕ, ಒಂಚೂರೂ ಬಣ್ಣ ಹೋಗಲ್ಲ” ಎನ್ನುತ್ತಿದ್ದೆ. ಕೆಲಸವೇ ಅದು. ಆದರೆ ಕಿವಿ ಕೇಳದವರು ಅಂಥ ಬಟ್ಟೆ ಮುಟ್ಟಿದರೆ ಅಕ್ಕ ದೂರದಿಂದಲೇ ಎರಡು ಬೆರಳು ಕೆಳಕ್ಕೆ ಇಳಿಸಿ ‘ಇಳಿದುಹೋಗುತ್ತೆ, ಬೇಡ’ ಎಂದುಬಿಡುತ್ತಿದ್ದಳು, ಸಾವ್ಕಾರರ ಎದುರಿಗೇ! ಬರಬರುತ್ತ ನಾನೂ ಹಾಗೇ ಮಾಡತೊಡಗಿದೆ. ಬಾಯಲ್ಲಿ ಸುಳ್ಳು ಹೇಳಿ ಅಭ್ಯಾಸವಿತ್ತು, ಕೈಯಲ್ಲಿ ಯಾಕೋ ಬರುತ್ತಿರಲಿಲ್ಲ. “ಈ ಮಂದಿ ಎಷ್ಟು ಶಾಣ್ಯಾ ನೋಡ್ರಿ! ಛಲೋ ಮಾಲು ಯಾವ್ದಂತ ಮೂಸಿ ನೋಡಿ ತಿಳ್ಕೊಂತಾರ” ಎಂದು ಸಾವ್ಕಾರರು ಬೆರಗಾಗುತ್ತಿದ್ದರು.

ಇನ್ನು, ನಾನೊಬ್ಬ ಹೆಂಗಸನ್ನು ಕೊಂದ ಕತೆ.

ಇಸ್ತ್ರಿ ಮಾಡುವ ಗಿರಾಕಿಯೊಬ್ಬ ಬರುತ್ತಿದ್ದ. ಮೂವತ್ತೈದರ ಆಸುಪಾಸಿನ ಮೆತ್ತಗಿನ ಮನುಷ್ಯ. ಅವನಿಗೂ ಕೇಳದು, ಅವನ ಹೆಂಡತಿಗೂ ಕೇಳದು. ಒಂದು ದಿನ ಬಂದು ಮೂಗುಬೊಟ್ಟು ಮುಟ್ಟಿ ತೋರಿಸಿದ, ಎಂದರೆ ಹೆಂಡತಿ. ಹೊಟ್ಟೆಯ ಮೇಲೆ ಗೆರೆ ಎಳೆದ, ಎಂದರೆ ಆಪರೇಷನ್. ಅನಂತಪುರದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಸಡಿಲವಾದ ನೈಟಿ ಬೇಕು ಎಂದ. ಅಷ್ಟು ದೊಡ್ಡ ಸೈಜು ಅವತ್ತು ಮುಗಿದುಹೋಗಿತ್ತು. ಖಾಲಿ ಎನ್ನಲು ನಮ್ಮ ಕಡೆ ಎರಡು ಅಂಗೈ ಬಿಚ್ಚಿ ಅವುಗಳ ಮೇಲೆ ‘ಉಫ್’ ಎಂದು ಊದುತ್ತಾರಲ್ಲ, ಹಾಗೆ ಊದಿದೆ.

ಅವರ ಸನ್ನೆಯಲ್ಲಿ ಹಾಗೆ ಊದಿದರೆ ಪ್ರಾಣ ಹೋಯಿತು ಎಂದರ್ಥ!

ಅವನು ನೈಟಿಗಳ ರಾಶಿಯ ಮೇಲೆ ಕೂತುಬಿಟ್ಟ. ಬೆಳಿಗ್ಗೆ ಆಸ್ಪತ್ರೆಯಿಂದ ಬಂದವನು. ಅಷ್ಟರಲ್ಲಿ ಅಂಗಡಿಗೆ ಫೋನು ಬಂದಿರಬೇಕು, ನನಗೆ ತಿಳಿದಿರಬೇಕು ಎಂದುಕೊಂಡನಂತೆ. ಅವನ ಬಾಯಿಂದ ಒಂದು ದನಿ ಹೊರಟಿತು. ಅಂಥ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ನಾನು ಇನ್ನೂ ಎರಡು ಸಲ ಊದಿದೆ. ನೀರು ಕುಡಿಯಲು ಎದ್ದಿದ್ದ ಅಕ್ಕ ಇದನ್ನು ನೋಡಿ ಓಡಿಬಂದಳು. ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ‘ಹೆಂಡತಿ ಅಲ್ಲ, ನೈಟಿ! ನೈಟಿ!’ ಎಂದು ನೈಟಿ ಹಿಡಿದು ಅಲ್ಲಾಡಿಸಿದಳು. ಅವನು ನಕ್ಕ, ಅತ್ತ, ಮತ್ತೆ ನಕ್ಕ. ಆಕೆ ಅಳತೆಯ ಸ್ಕೇಲಿನಿಂದ ನನ್ನ ಎರಡು ಕೈಗೂ ಒಂದೊಂದು ಕೊಟ್ಟಳು. ‘ಸ್ಟಾಕಿಲ್ಲ’ ಎಂಬುದನ್ನು ಸಂಜೆಯವರೆಗೆ ಐವತ್ತು ಸಲ ಹೇಳಿಸಿದಳು.

ಒಂದು ತಿಂಗಳು ಕಳೆದು ದಪ್ಪನೆಯ ಹೆಂಗಸೊಬ್ಬಳು ಬಂದು ನನ್ನೆದುರು ನಿಂತಳು. ಮೂಗೊರೆಸಿ ತೋರಿಸಿ, ‘ನೀನೇನಾ?’ ಎಂದು ಕೇಳಿದಳು. ಹೌದು ಎಂದೆ. ತನ್ನ ಎದೆ ಮುಟ್ಟಿಕೊಂಡು, ಅಂಗೈ ಬಿಚ್ಚಿ, ‘ಉಫ್’ ಎಂದು ಊದಿದಳು. ‘ನಾನೇ, ಸತ್ತವಳು!’ ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಹೋಗಿ, ಆಪರೇಷನ್ನಿನ ಗಾಯ ನೊಂದು, ನಗುತ್ತಲೇ ಮುಖ ಕಿವುಚಿದಳು. ಆಕೆಯ ನೈಟಿಯನ್ನು ನಾನು ಬೇರೆ ಎತ್ತಿಟ್ಟಿದ್ದೆ.

ನಗುವ ಮಾತು ಇಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಅದೇ ವರ್ಷ ಸಾವ್ಕಾರರ ಭಾಮೈದ ಅಂಗಡಿ ನೋಡಿಕೊಳ್ಳಲು ಬಂದ. ಗಟ್ಟಿಮುಟ್ಟಾದ ಆಳು, ಎಲ್ಲರ ಮೇಲೂ ಅನುಮಾನ. ನಾವು ಕೈಯಲ್ಲಿ ಮಾತಾಡುವುದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ತನಗೆ ತಿಳಿಯದ ಮಾತು ತನ್ನ ಬಗ್ಗೆಯೇ ಇರಬೇಕು ಎಂಬುದು ಅವನ ಲೆಕ್ಕ. ಸುಳ್ಳಲ್ಲ, ಒಮ್ಮೊಮ್ಮೆ ಇರುತ್ತಿತ್ತು.

ಯುಗಾದಿಗೆ ನಾಲ್ಕು ದಿನವಿತ್ತು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಇಸ್ತ್ರಿಯವನು ಹಬ್ಬಕ್ಕೆ ಪ್ಯಾಂಟು ಕೊಳ್ಳಲು ಬಂದಿದ್ದ. ಎರಡು ಪ್ಯಾಂಟು ತೆಗೆದುಕೊಂಡು ಹಾಕಿ ನೋಡುವ ಕೋಣೆಗೆ ಹೋದ. ಹೊರಗೆ ಬರುವಾಗ ಕೈಯಲ್ಲಿ ಒಂದೇ ಇತ್ತು. ತೊಟ್ಟುಕೊಂಡಿದ್ದದ್ದು ಅವನದೇ ಹಳೆಯ ನೀಲಿ ಜೀನ್ಸು. ಭಾಮೈದ ಅವನ ಕಾಲರು ಹಿಡಿದ.

“ಎರಡು ತಗೊಂಡು ಒಳಗ ಹೋದಿ, ಒಂದು ತಂದಿ. ಇನ್ನೊಂದು ಎಲ್ಲಲೇ? ಒಳಗ ಉಟ್ಕೊಂಡೀಯೇನು?”

ಅವನು ಎಡಗೈಯಲ್ಲಿ ಕೋಣೆಯ ಕಡೆ ತೋರಿಸಿ, ಬಲಗೈಯ ಎರಡು ಬೆರಳು ಕೊಕ್ಕೆಯಂತೆ ಬಗ್ಗಿಸಿ, ಗಾಳಿಯಲ್ಲಿ ಮೇಲಿನಿಂದ ಕೆಳಕ್ಕೆ ಎಳೆದು ತೋರಿಸಿದ. ‘ಸರಿಯಾಗಲಿಲ್ಲ. ಒಳಗೆ ಮೊಳೆಗೆ ನೇತುಹಾಕಿದ್ದೇನೆ.’ ನನಗೆ ಅಚ್ಚೊತ್ತಿದಷ್ಟು ಸ್ಪಷ್ಟವಾಗಿ ತಿಳಿಯಿತು. ನಾನಿದ್ದದ್ದು ನಾಲ್ಕು ಹೆಜ್ಜೆ ದೂರ.

ಭಾಮೈದನಿಗೆ ಅದು ಬೇರೆಯಾಗಿ ಕಂಡಿತು. “ನನಗ ಬೆರಳು ತೋರಿಸ್ತೀಯಾ?” ಎಂದು ಕೆನ್ನೆಗೆ ಹೊಡೆದ. ಇಸ್ತ್ರಿಯವನು ಇನ್ನೂ ದೊಡ್ಡದಾಗಿ, ಇನ್ನೂ ಬೇಗ ಬೇಗ ಅದನ್ನೇ ಹೇಳಿದ. ನಾವು ಬಾಯಿರುವವರು ಹೆದರಿದರೆ ಕೂಗುವುದಿಲ್ಲವೇ, ಹಾಗೆ. ಅದು ಭಾಮೈದನಿಗೆ ಕೈ ಮಾಡಲು ಬಂದಂತೆ ಕಂಡಿತು. ಮತ್ತೆ ಹೊಡೆದ.

ಸಾವ್ಕಾರರು ಗಾಬರಿಯಾಗಿ ನನ್ನ ಕಡೆ ತಿರುಗಿದರು. “ಏನಂತಾನ ಕೇಳ್ರಿ. ಅವರ ಸನ್ನಿ ನಿಮಗ ತಿಳೀತದಲ್ಲ?”

ನಾನು ಬಾಯಿ ತೆರೆಯುವಷ್ಟರಲ್ಲಿ ಭಾಮೈದ, “ಆಕೀನ್ಯಾಕ ಕೇಳ್ತೀರಿ ಭಾವ? ಇವ್ರೆಲ್ಲಾ ಒಂದ ಪಾರ್ಟಿ. ದಿನಾ ಕೈ ತಿರುವಿ ತಿರುವಿ ಏನ್ ಮಸಲತ್ತು ಮಾಡ್ತಾರೋ ಯಾರಿಗ್ಗೊತ್ತು! ಇವತ್ತು ಆಕಿದೂ ತಿಳೀತದ, ಹೇಳ್ಲಿ” ಅಂದ.

ಬಣ್ಣ ಹೋಗುವ ಬಟ್ಟೆಯ ಗುಟ್ಟು ಹೊರಬಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು. ಆ ತಿಂಗಳು ನನ್ನ ಗಂಡನಿಗೆ ಕೆಲಸವಿರಲಿಲ್ಲ. ಇಸ್ತ್ರಿಯವನು ನನ್ನನ್ನೇ ನೋಡುತ್ತಿದ್ದ. ನಾನಿದ್ದೇನಲ್ಲ ಎಂದು ಅವನ ಮುಖದಲ್ಲಿ ಸ್ವಲ್ಪ ಸಮಾಧಾನ ಬೇರೆ ಬಂದಿತ್ತು.

“ನಂಗೇನೂ ಗೊತ್ತಾಗ್ತಿಲ್ಲ ಸಾವ್ಕಾರ್ರೆ” ಎಂದು ಅಡ್ಡಡ್ಡ ತಲೆಯಾಡಿಸಿದೆ.

ಅಕ್ಕ ಎಲ್ಲಿದ್ದಳು? ಅಲ್ಲೇ. ಗೋಡೆಯ ಕಡೆ ಮುಖ ಮಾಡಿ, ನಮಗೆಲ್ಲ ಬೆನ್ನು ಹಾಕಿ, ಹಬ್ಬದ ಪ್ಯಾಂಟುಗಳ ಅಂಚು ಹೊಲಿಯುತ್ತಿದ್ದಳು. ಇಷ್ಟು ಗಲಾಟೆ, ಹೆಂಗಸರ ಕೂಗು, ಯಾವುದೂ ಆಕೆಯನ್ನು ತಲುಪುವಂತಿರಲಿಲ್ಲ. ಯಾರಾದರೂ ಹೋಗಿ ಆಕೆಯ ಭುಜ ಮುಟ್ಟಬೇಕಿತ್ತು, ಅಷ್ಟೇ. ಅಂಗಡಿ ತುಂಬ ಜನ. ನಾನು ಆಕೆಯ ಬೆನ್ನನ್ನು ನೋಡುತ್ತಲೇ ಇದ್ದೆ. ತುಳಿಯುವ ಕಾಲು ಒಂದೇ ಸಮ ಆಡುತ್ತಿತ್ತು. ನನ್ನ ಕಾಲು ಏಳಲಿಲ್ಲ.

“ಕೈ ಇಳಿಸಲೇ! ಕೈ ಇಳಿಸು!” ಎಂದು ಕೂಗುತ್ತ ಭಾಮೈದ ಅವನ ಬಲಗೈ ಹಿಡಿದು, ಬೆರಳುಗಳನ್ನು ಹಿಂದಕ್ಕೆ ಮಡಚಿ, ಕೌಂಟರಿನ ಅಂಚಿಗೆ ಅದುಮಿದ. ಕಟಕ್ ಎಂದಿತು. ಆ ಸದ್ದು ಅಂಗಡಿಯಲ್ಲಿ ಇಬ್ಬರನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಕೇಳಿತು.

ಅವನು ಬೀಳುವಾಗ ಶರ್ಟುಗಳ ಸ್ಟ್ಯಾಂಡನ್ನು ಹಿಡಿದುಕೊಂಡ. ಸ್ಟ್ಯಾಂಡೂ ಉರುಳಿತು. ನೆಲ ಅದುರಿದ್ದು ಅಕ್ಕನ ಕಾಲಿಗೆ ತಿಳಿಯಿತು. ತಿರುಗಿ ನೋಡಿದಳು.

ಆಕೆ ಕೂಗಲಿಲ್ಲ, ಯಾರನ್ನೂ ತಳ್ಳಲಿಲ್ಲ. ಕೆಳಗೆ ಬಿದ್ದವನು ಎಡಗೈ ಬೆರಳು ಕೊಕ್ಕೆ ಮಾಡಿ ತೋರಿಸಿದ. ಆಕೆ ಕೋಣೆಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಪ್ಯಾಂಟನ್ನು ತಂದು, ಮಡಚಿ, ಭಾಮೈದನ ಎದುರು ಕೌಂಟರಿನ ಮೇಲಿಟ್ಟಳು. ಆಕೆ ಆರಿಂಚಿನ ಸ್ಕೇಲನ್ನು ಇಸ್ತ್ರಿಯವನ ಬೆರಳುಗಳಿಗೆ ಆನಿಸಿ, ಲೈನಿಂಗ್ ಬಟ್ಟೆ ಹರಿದು ಕಟ್ಟಿ, ಅವನನ್ನು ಎಬ್ಬಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ನಡೆದಳು.

“ತಪ್ಪಾತು, ಏನ್ಮಾಡೋದು. ಬಾಯಿ ಬಿಟ್ಟು ಹೇಳಿದ್ರ ಆಗ್ತಿತ್ತು” ಎಂದರು ಸಾವ್ಕಾರರು. ಯಾರಿಗೆ ಹೇಳಿದರೋ. ನನಗೇ ಹೇಳಿದಂತಾಯಿತು.

ಮಾರನೆಯ ದಿನ ಅಕ್ಕ ಕೆಲಸಕ್ಕೆ ಬಂದಳು. ನಾನು ಎದುರು ಹೋಗಿ ನಿಂತೆ. ಬೈಯಲಿ, ಸ್ಕೇಲು ತೆಗೆದುಕೊಳ್ಳಲಿ ಎಂದು ಎರಡು ಕೈಯನ್ನೂ ಚಾಚಿದೆ. ಇಸ್ತ್ರಿಯವನು ಆಕೆಗೆ ಎಲ್ಲ ಹೇಳಿದ್ದ. ಸಾವ್ಕಾರರು ಅವಳನ್ನು ಕೇಳಿದರು, ಅವಳಿಗೆ ತಿಳಿದಿತ್ತು, ಇಲ್ಲ ಎಂದಳು ಎಂದು ಎಡಗೈಯಲ್ಲಿ ಹೇಳಿದ್ದ. ಅಕ್ಕ ನನ್ನನ್ನು ಒಂದು ಕ್ಷಣ ನೋಡಿ ಕಣ್ಣು ಮುಚ್ಚಿದಳು. ಸಾವ್ಕಾರರಿಗೆ ಮಾಡಿದ ಹಾಗೆ ಒಂದು ಕಣ್ಣು ತೆರೆದು ನೋಡಲಿಲ್ಲ. ಮೂರು ವಾರ ಹೀಗೇ. ಬೈಸಿಕೊಳ್ಳದೆ ಇರುವುದು ಅಷ್ಟು ಕಷ್ಟ ಎಂದು ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ಆ ಮೂರು ವಾರದಲ್ಲಿ ಆಕೆ ಇಸ್ತ್ರಿಯವನನ್ನು ಕರೆದುಕೊಂಡು ಮೂರು ಸಲ ಪೊಲೀಸ್ ಸ್ಟೇಷನ್ನಿಗೆ ಹೋಗಿಬಂದಿದ್ದಳು. ಮೊದಲ ಸಲ, ಪಾಪ ಪಿಂಚಣಿಗೆ ಬಂದಿದ್ದಾರೆ ಎಂದು ತಿಳಿದು, ನಮ್ಮ ತಾಲೂಕು ಕಚೇರಿಯಂಥ ಮಂಡಲ ಆಫೀಸಿನ ದಾರಿ ತೋರಿಸಿದರಂತೆ. ಎರಡನೆಯ ಸಲ, ಇಸ್ತ್ರಿಪೆಟ್ಟಿಗೆ ಬಿದ್ದು ಕೈಗೆ ಪೆಟ್ಟಾಗಿದೆ ಎಂದುಕೊಂಡರಂತೆ. ಮೂರನೆಯ ಸಲ, ಮಾತು ಬರುವವರನ್ನು ಯಾರನ್ನಾದರೂ ಕರೆದುಕೊಂಡು ಬಾ ಎಂದು ಬಾಯಿ ತೋರಿಸಿ ಕಳಿಸಿದರಂತೆ.

ಇದನ್ನೆಲ್ಲ ನನಗೆ ಹೇಳಿದವಳು ಅವನ ಹೆಂಡತಿ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು, ಒಳಗೆ ಕಾಲಿಡಲಿಲ್ಲ. ‘ಅಕ್ಕ ನಿನ್ನನ್ನು ಕರೆಯುವುದಿಲ್ಲ. ನಾನು ಕರೆಯುತ್ತಿದ್ದೇನೆ. ಅವನು ಇನ್ನೂ ಚಮಚ ಹಿಡಿಯುವುದಿಲ್ಲ. ಬಾ.’ ನಾನು ಮಡಚುತ್ತಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟು ಇಳಿದೆ. “ಎಲ್ಲಿಗ್ ಹೊಂಟ್ರಿ?” ಎಂದು ಸಾವ್ಕಾರರು ಕೂಗಿದರು. ಕೇಳದವಳ ಹಾಗೆ ನಡೆದೆ.

ಸ್ಟೇಷನ್ನಿನಲ್ಲಿ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿದಳು, ಕಣ್ಣು ಮುಚ್ಚಲಿಲ್ಲ. ಎಸ್ಸೈ ತೆಲುಗಿನಲ್ಲಿ ಕೇಳುವುದು, ನಾನು ಅದನ್ನು ಕೈಗೆ ಇಳಿಸುವುದು, ಇಸ್ತ್ರಿಯವನು ಎಡಗೈಯಲ್ಲಿ ಹೇಳುವುದು, ನಾನು ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಹೇಳುವುದು, ಬರೆಯುವ ಪೇದೆ ಅದನ್ನು ಮತ್ತೆ ತೆಲುಗಿಗೆ ಏರಿಸುವುದು! ನಡುವೆ ಅಕ್ಕ ಏನೋ ತಿದ್ದಿದರೆ, “ಆಮೆ ಏಮಂಟೋಂದಿ?” ಎಂದು ಪೇದೆಯ ಪ್ರಶ್ನೆ. ತೆಲುಗಿನವರಿಗೆ ಆಮೆ ಎಂದರೆ ಆಕೆ; ಆಕೆ ಏನಂತಾಳೆ ಎಂದು ಕೇಳಿದ್ದು. ನಾನು ಆ ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿಸಿಕೊಂಡು, ಅಕ್ಕನನ್ನು ಯಾಕೆ ಆಮೆ ಎನ್ನುತ್ತಾರೆ ಎಂದು ಒಂದು ಗಳಿಗೆ ಸಿಟ್ಟಾದೆ.

ಆಮೇಲೆ ನನ್ನ ಸರದಿ ಬಂತು.

“ಅವನು ಹೇಳಿದ್ದು ನಿಮಗೆ ಅವತ್ತು ತಿಳೀತಾ?” ಎಂದು ಎಸ್ಸೈ ಈ ಸಲ ಕನ್ನಡದಲ್ಲೇ ಕೇಳಿದರು.

“ತಿಳೀತು ಸಾರ್. ಒಳಗೆ ಮೊಳೆಗೆ ತಗಲಾಕಿವ್ನಿ ಅಂದ.”

“ನೀವೇನಂದ್ರಿ?”

“ಗೊತ್ತಾಗ್ತಿಲ್ಲ ಅಂದೆ ಸಾರ್.”

“ಯಾಕೆ?”

“ಹೆದರ್ಕೊಂಡೆ.”

ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಅವರು ಮೂವರಿಗೂ ಕೈಯಲ್ಲಿ ಹೇಳಬೇಕಾದ್ದೂ ನಾನೇ. ಹೇಳಿದೆ. ಕೈಯಲ್ಲಿ ಅದು ಇನ್ನೂ ಉದ್ದವಾಯಿತು. ಪೇದೆ ಬರೆದು ಮುಗಿಸಿ ಗಟ್ಟಿಯಾಗಿ ಓದಿದ, “ಅರ್ಥಮೈಂದಿ, ಕಾನೀ ಕಾಲೇದನಿ ಚೆಪ್ಪಿಂದಿ.” ಅರ್ಥವಾಗಿತ್ತು, ಆದರೆ ಆಗಲಿಲ್ಲ ಎಂದು ಹೇಳಿದಳು. ಕೆಳಗೆ ರುಜು ಹಾಕಿದೆ.

ಕೇಸು ಕೋರ್ಟಿಗೆ ಹೋಗಲಿಲ್ಲ. ದೊಡ್ಡವರು ನಾಲ್ಕು ಜನ ಸ್ಟೇಷನ್ನಿನಲ್ಲೇ ಕೂತು ರಾಜಿ ಎಂದರು. ಇಸ್ತ್ರಿಯವನು ಸರಿ ಎಂದ, ದಿನಾ ಕೆಲಸ ಬಿಟ್ಟು ತಿರುಗಲು ಅವನಿಗೆ ಶಕ್ತಿ ಇರಲಿಲ್ಲ. ಅಕ್ಕ ಮಾತ್ರ ಒಂದು ಹಟ ಹಿಡಿದಳು. ಭಾಮೈದ ಕ್ಷಮೆ ಕೇಳಬೇಕು, ಬಾಯಲ್ಲಲ್ಲ, ಇಸ್ತ್ರಿಯವನಿಗೆ ತಿಳಿಯುವ ಹಾಗೆ ಕೈಯಲ್ಲಿ. ಎಸ್ಸೈಗೆ ಇದು ನ್ಯಾಯ ಎನ್ನಿಸಿತು. “ಕಲಿಸಮ್ಮ” ಎಂದರು. ಅಕ್ಕ ಎದ್ದು ಹೋಗಿ, ಬಲು ತಾಳ್ಮೆಯಿಂದ, ಭಾಮೈದನ ಕೈ ಹಿಡಿದು, ಮೊದಲು ಎದೆ ಮುಟ್ಟಿಸಿ, ಆಮೇಲೆ ಬೆರಳು ಮಡಚಿ ಕಂಕುಳ ಕೆಳಗೆ ಸರಿಸಿ ಕಲಿಸಿಕೊಟ್ಟಳು. ಅವನು ಇಸ್ತ್ರಿಯವನ ಎದುರು ನಿಂತು ತಲೆ ತಗ್ಗಿಸಿ ಅದನ್ನು ಮಾಡಿದ. ಸರಿಯಾಗಲಿಲ್ಲ ಎಂದು ಅಕ್ಕ ತಲೆಯಾಡಿಸಿದಳು. ಮತ್ತೆ ಮಾಡಿದ. ಮೂರು ಸಲ ಮಾಡಿದ.

ಅದು ಕ್ಷಮೆಯ ಸನ್ನೆ ಅಲ್ಲವೇ ಅಲ್ಲ. ‘ನಾನು ಕಳ್ಳ’ ಎಂದರ್ಥ!

“ಏನಂದನಮ್ಮಾ?” ಎಂದು ಎಸ್ಸೈ ನನ್ನನ್ನು ಕೇಳಿದರು.

ಇಸ್ತ್ರಿಯವನು ತುಟಿ ಕಚ್ಚಿ ಹಿಡಿದಿದ್ದ. ಅವನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

“ತಪ್ಪಾಯ್ತು ಅಂದ್ರು ಸಾರ್” ಎಂದೆ.

ಹೊರಗೆ ಬಂದ ಮೇಲೆ ಇಸ್ತ್ರಿಯವನು ಕಟ್ಟು ಬಿಚ್ಚಿದ್ದ ಬಲಗೈ ಎತ್ತಿ ನನಗೆ ಏನೋ ಹೇಳಿದ. ಎರಡು ಬೆರಳು ಕಡ್ಡಿಯಂತೆ ಸೆಟೆದಿದ್ದವು, ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದ. ಆಗಲೂ ತಿಳಿಯಲಿಲ್ಲ, ಈ ಸಲ ನಿಜವಾಗಿಯೂ. ಸನ್ನೆಯಲ್ಲೂ ತೊದಲು ಇರುತ್ತದೆ ಎಂದು ನಾನು ಅವತ್ತು ಕಂಡೆ. ಮೂರನೆಯ ಸಲಕ್ಕೆ ತಿಳಿಯಿತು. ‘ಊಟ ಆಯ್ತಾ?’ ಎಂದು ಕೇಳುತ್ತಿದ್ದ.

ಆ ಬೆರಳುಗಳು ಮತ್ತೆ ಮಡಚಲಿಲ್ಲ. ಭಾರದ ಇಸ್ತ್ರಿಪೆಟ್ಟಿಗೆ ಹಿಡಿಯಲಾಗದೆ ಅವನು ಪ್ಯಾಂಟುಗಳ ದಾರ ಕತ್ತರಿಸುವ ಕೆಲಸಕ್ಕೆ ಸೇರಿದ. ಅವನ ಅರ್ಧ ಮಾತನ್ನು ಹೆಂಡತಿಯೇ ಮುಗಿಸಬೇಕಾಗುತ್ತಿತ್ತು. ನನ್ನನ್ನೂ ಅಕ್ಕನನ್ನೂ ಅಂಗಡಿಯಿಂದ ತೆಗೆದರು. ಆಕೆ ಮನೆಯಲ್ಲೇ ಮಿಷನ್ನು ಹಾಕಿಕೊಂಡಳು. ನಾನು ದಿನಾ ಹೋಗಿ ಗುಂಡಿ ಹೊಲಿದು ಕೊಡುತ್ತಿದ್ದೆ, ಎಂದಿನಂತೆ ಬೈಸಿಕೊಳ್ಳುತ್ತಿದ್ದೆ. ಹೀಗೆ ಎಂಟು ತಿಂಗಳು. ಅಷ್ಟರಲ್ಲಿ ರಾಯದುರ್ಗದ ಕೆಲಸ ತೆಳುವಾಯಿತು. ನನ್ನ ಗಂಡನಿಗೆ ಹಿಂದೂಪುರದ ಕಡೆಯ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತು. ಊರಿಗೇ ಹೋಗಿ ಇರೋಣ, ಅಲ್ಲಿಂದ ಬಸ್ಸಿನಲ್ಲಿ ಓಡಾಡುತ್ತೇನೆ ಎಂದ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೇಳಿಹೋಗಲು ಅಕ್ಕನ ಮನೆಗೆ ಹೋದೆ. ಆಕೆ ಉಣ್ಣಲಿಕ್ಕಿದಳು. ಅನ್ನ ಕಡಿಮೆ ಹಾಕಿಸಿಕೊಂಡದ್ದಕ್ಕೆ ಬೈದಳು, ತಟ್ಟೆಯಲ್ಲಿ ಹೆಚ್ಚು ಬಿಟ್ಟದ್ದಕ್ಕೆ ಬೈದಳು. ಆಮೇಲೆ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ತನ್ನ ಅಂಗೈಯನ್ನು ನನ್ನ ಗಂಟಲ ಮೇಲೆ ಇಟ್ಟಳು. ಇನ್ನೊಂದು ಕೈಯಲ್ಲಿ, ‘ಮಾತಾಡು’ ಎಂದಳು.

ಐದು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿದ್ದಳು. ಏನು ಮಾತಾಡಲಿ ಎಂದೆ. ಏನಾದರೂ ಎಂದಳು. ಆಕೆಯ ಕೈ ಬೆಚ್ಚಗಿತ್ತು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಸ್ಟೇಷನ್ನಿನಲ್ಲಿ ಎಲ್ಲವನ್ನೂ ಹೇಳಿದ್ದೆನಲ್ಲ, ಒಂದನ್ನು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಕೈಯಲ್ಲಿ ಆಡಿರಲಿಲ್ಲ. ಅದೇ ಹೊರಗೆ ಬಂತು.

“ಅಕ್ಕ, ಅವತ್ತು ನೀನು ಅಲ್ಲೇ ಕೂತಿದ್ದೆ ಕಣಕ್ಕ. ನಾನು ನಿನ್ನೇ ನೋಡ್ತಿದ್ದೆ. ಎದ್ದು ಬಂದು ನಿನ್ನ ಕರೀಬೇಕಿತ್ತು. ಕರೀಲಿಲ್ಲ.”

ಮಾತಿಗೆ ನನ್ನ ಗಂಟಲು ಅದುರುತ್ತಿದ್ದುದು ಆಕೆಯ ಅಂಗೈಗೆ ತಿಳಿಯುತ್ತಿತ್ತು. ಏನು ಹೇಳಿದೆ ಎಂದು ಕೇಳಿದರೆ ಕೈಯಲ್ಲೂ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡು ಕಾದೆ.

ಆಕೆ ಕೇಳಲಿಲ್ಲ. ಕೈ ತೆಗೆಯಲೂ ಇಲ್ಲ. ‘ಇನ್ನೊಂದು ಸಲ ಹೇಳು’ ಎಂದಳು.

ಹೇಳಿದೆ.